ಬೋರ್ಡಿಲ್ಲದ ಮನೆಯ ನೌಕರಿ

ಕೆಲಸಕ್ಕೆ ಸೇರಬೇಕಾದ ದಿನ ನಾನು ಆ ಮನೆಯನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದೆ. ಗಲ್ಲಿಯ ಕೊನೆಗೆ ಹತ್ತಿ ಜಿನ್ನಿನ ಗಿರಣಿಯ ಗೋಡೆ ಅಡ್ಡ ಬಂತು. ಅರಳೆಯ ಎಳೆಗಳು ಗಾಳಿಯಲ್ಲಿ ಹಾರಿ ಬಂದು ಕೂದಲಿಗೆ, ಸೀರೆಗೆ ಅಂಟಿಕೊಳ್ಳುತ್ತಿದ್ದವು. ತಿರುಗಿ ಬಂದು ಕಿರಾಣಿ ಅಂಗಡಿಯವನನ್ನು ಕೇಳಿದರೆ ಅವನು ತಕ್ಕಡಿಯಿಂದ ಕಣ್ಣೆತ್ತದೆ, "ಲೇಡೀಸ್ ಹಾಸ್ಟೆಲ್ಲೇನ್ರಿ? ಅದಾ ನೋಡ್ರಿ, ಹಸರ ಗೇಟು" ಎಂದ. ಗೇಟಿಗೆ ಬೋರ್ಡು ಇರಲಿಲ್ಲ. ಆಂಧ್ರದ ಗಡಿಯ ಈ ಆದೋನಿಯಲ್ಲೇ ಕಾಲೇಜು ಓದಿದ ನನಗೂ ಊರಲ್ಲಿ ಅಂಥದ್ದೊಂದು ಮನೆ ಇರುವುದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಗಂಡನ ಏಟು, ಅತ್ತೆ ಮಾವಂದಿರ ಕಾಟ, ಒಮ್ಮೊಮ್ಮೆ ಹೆತ್ತವರ ಕಾಟವೂ ತಾಳಲಾರದೆ ಹೊರಬಿದ್ದ ಹೆಂಗಸರು ಮಕ್ಕಳೊಂದಿಗೆ ತಂಗುವ ಮನೆ ಅದು. ಸಮಾಲೋಚಕಿಯಾಗಿ ಸೇರಿದ ನಾನು ಅಲ್ಲಿಯೇ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದೆ. ನಡುವೆ ಆದ ಬಡ್ತಿಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಈಚೆಗೆ ಈ ಕೆಲಸಕ್ಕೆ ಬರುತ್ತಿರುವ ಹುಡುಗಿಯರ ತರಬೇತಿಗೆ ನನ್ನನ್ನು ಕರೆದಿದ್ದರು. ಕಾನೂನು, ಕಲಮು, ಕಂಪ್ಯೂಟರು ಎಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಊಟದ ಹೊತ್ತಿನಲ್ಲಿ ಒಬ್ಬಳು ಪಕ್ಕಕ್ಕೆ ಬಂದು ಕೂತು ಮೆಲ್ಲಗೆ ಕೇಳಿದಳು: "ಮೇಡಂ, ಮನೀಗಿ ಹೋದ ಮ್ಯಾಲ ಇದನ್ನೆಲ್ಲಾ ಯಾರ ಮುಂದ ಹೇಳ್ಕೋತಿದ್ರಿ?"

"ಯಾರ ಮುಂದೂ ಇಲ್ಲ" ಎಂದೆ.

ಅವಳು ತಟ್ಟೆಯ ಅನ್ನ ಕಲಸತೊಡಗಿದಳು. ಅಲ್ಲಿ ಹೇಳಬೇಕಾಗಿದ್ದು ಬಾಯಿಗೆ ಬರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ, ಊರುಗಳನ್ನೂ ಅಲ್ಲಲ್ಲಿ.

ನನ್ನ ಮೊದಲ ಮೇಲಧಿಕಾರಿ ರತ್ನಮ್ಮ ಮೇಡಂ ನಂದ್ಯಾಲದ ಕಡೆಯವರು. ತೆಲುಗಿನವರು, ಕನ್ನಡ ಅಷ್ಟಕ್ಕಷ್ಟೆ. ಗಟ್ಟಿ ಹೆಂಗಸು, ನಗುವುದು ಅಪರೂಪ. ಹೊಸದಾಗಿ ಬಂದವಳನ್ನು ನಾನು ಎದುರಿಗೆ ಕೂರಿಸಿಕೊಂಡು "ಏನಾಯಿತು, ಯಾವಾಗಿನಿಂದ, ಯಾಕೆ" ಎಂದು ಶುರು ಮಾಡಿದರೆ ಅವರು ಬಾಗಿಲಲ್ಲಿ ನಿಂತು ಕೈಯಾಡಿಸಿ ನಿಲ್ಲಿಸುತ್ತಿದ್ದರು. ಅವರದು ಒಂದೇ ಪ್ರಶ್ನೆ: "ಮನೆಯಲ್ಲಿ ಏನು ಬಿಟ್ಟು ಬಂದಿ?"

ಅದರ ಅರ್ಥ ನನಗೆ ಆದದ್ದು ಈರಮ್ಮನಿಂದ. ಕೌತಾಳಂ ಕಡೆಯ ಹಳ್ಳಿಯವಳು, ಹೊಲದ ಕೂಲಿ. ಮುಂಗೈ ಮುರಿದು, ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿಕೊಂಡು ಬಂದಿದ್ದಳು. ಕುತ್ತಿಗೆಯ ಮೇಲೆ ಬೆರಳುಗಳ ಗುರುತು ಎದ್ದಿತ್ತು. ಆದರೆ ಬಂದಾಗಿನಿಂದ ಅವಳ ಕಣ್ಣು ಗೇಟಿನ ಮೇಲೆಯೇ. ಸಂಜೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಹೋಗ್ತೀನ್ರಿ ಅಮ್ಮಾ."

"ಎಲ್ಲಿಗೆ? ಮತ್ತ ಅಂವನ ಹತ್ರಾನಾ?" ನನ್ನ ದನಿ ಏರಿತ್ತು. ಕಾನೂನು ಹೇಳಲು ಶುರು ಮಾಡಿದ್ದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ. ರತ್ನಮ್ಮ ಮೇಡಂ ಬಂದು ತಮ್ಮ ಪ್ರಶ್ನೆ ಕೇಳಿದರು.

"ಎಮ್ಮಿ ಐತ್ರಿ" ಎಂದಳು ಈರಮ್ಮ. ಹಾಗೆಂದವಳೇ ಅಳಲು ಶುರು ಮಾಡಿದಳು. "ಮುಂಜೇಲಿಂದ ಹಿಂಡಿಲ್ರಿ. ಆಂವ ಹತ್ರಕ್ಕ ಹೋದ್ರ ಒದೀತೈತಿ. ಕೆಚ್ಚಲು ಬಾತು ಸಾಯ್ತೈತ್ರಿ ಅದು."

ಮೇಡಂ ಆ ಹಳ್ಳಿಯ ಅಂಗನವಾಡಿ ಟೀಚರಿಗೆ ಫೋನು ಮಾಡಿಸಿದರು. ಟೀಚರು ಈರಮ್ಮನ ನೆರೆಯವಳನ್ನು ಕರೆದು ಹೇಳಿದರು. ನೆರೆಯವಳು ಎಮ್ಮೆಯನ್ನು ಬಿಚ್ಚಿ ತನ್ನ ಮನೆ ಮುಂದೆ ಕಟ್ಟಿಕೊಂಡು ಹಾಲು ಕರೆದಳು. ಆ ಸುದ್ದಿ ಬಂದ ಮೇಲೆ ಈರಮ್ಮ ಉಂಡು ಮಲಗಿದಳು. ಮುಂದೆ ಬಹಳ ದಿನ ನಮ್ಮಲ್ಲೇ ಇದ್ದಳು. ವಾಪಸು ಹೋಗುವ ಹೆಂಗಸರನ್ನು ಕಂಡು ಬೇಸರಪಡುವ ಹೊಸಬರಿಗೆ ನಾನು ಈರಮ್ಮನ ಕಥೆ ಹೇಳುತ್ತೇನೆ. ಎಷ್ಟೋ ಜನ ಗಂಡನಿಗಾಗಿ ಹೋಗುವುದಿಲ್ಲ. ಒಲೆಯ ಮೇಲಿಟ್ಟದ್ದು, ಅರ್ಧ ಹೊಲಿದದ್ದು, ಕಟ್ಟಿ ಬಂದದ್ದು ಅವರನ್ನು ಎಳೆಯುತ್ತದೆ.

ಈರಮ್ಮನಿಂದಲೇ ಇನ್ನೊಂದನ್ನೂ ಕಲಿತೆ. ಅವಳಿಗೆ ತೆಲುಗು ಸಂತೆಯಲ್ಲಿ ವ್ಯಾಪಾರಕ್ಕೆ ಬೇಕಾದಷ್ಟು ಬರುತ್ತಿತ್ತು. ಆದರೆ ನೋವು ಹೇಳಲು ಕನ್ನಡವೇ ಬೇಕು. ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವನು ತೆಲುಗಿನಲ್ಲಿ ಬರೆದ. "ಕುತ್ತಿಗಿ ಹಿಚಿಕಿದ್ನ್ರಿ, ಕಣ್ಣಿಗಿ ಕತ್ತಲಿ ಬಂತು" ಎಂದು ಅವಳು ಹೇಳಿದ್ದು ಕಾಗದದ ಮೇಲೆ "ಮೆಡ ಪಟ್ಟುಕುನ್ನಾಡು", ಅಂದರೆ ಕುತ್ತಿಗೆ ಹಿಡಿದ, ಎಂದಾಯಿತು. ಕೋರ್ಟಿನಲ್ಲಿ ಎದುರು ವಕೀಲರು ಅದನ್ನೇ ಹಿಡಿದರು. ಜಗಳದಲ್ಲಿ ಗಂಡ ಹೆಂಡತಿಯ ಕುತ್ತಿಗೆ ಮುಟ್ಟಿದ್ದಾನೆ, ಅಷ್ಟೇ ತಾನೇ ಎಂದರು. ಈರಮ್ಮ ಕಟಕಟೆಯಲ್ಲಿ ನಿಂತು ತನ್ನ ಮುರಿದ ಕೈಯಿಂದಲೇ ತನ್ನ ಗಂಟಲನ್ನು ಅಮುಕಿ ತೋರಿಸಿದಳು. ಗಂಟಲಿನಿಂದ ಹೊರಟ ಸದ್ದು ಇಡೀ ಕೋಣೆಗೆ ಕೇಳಿಸಿತು. ಅವತ್ತು ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ರಕ್ಷಣೆಯ ಆದೇಶ ಸಿಕ್ಕಿತು. ಆದರೆ ಒಬ್ಬ ಹೆಂಗಸು ಜನರ ಎದುರು ಹಾಗೆ ಮಾಡಬೇಕಾಗಿ ಬರಬಾರದಿತ್ತು.

ಅಂದಿನಿಂದ ತೆಲುಗಿನಲ್ಲಿ ಬರೆದ ಪ್ರತಿ ಹೇಳಿಕೆಯನ್ನೂ ನಾನು ಕನ್ನಡಕ್ಕೆ ತಿರುಗಿಸಿ ಅವರಿಗೆ ಓದಿ ಹೇಳುವುದನ್ನು ರೂಢಿ ಮಾಡಿಕೊಂಡೆ. "ಅಲ್ರಿ, ನಾ ಹಂಗಂದಿಲ್ಲ" ಎಂದು ಅವರು ತಡೆದಲ್ಲೆಲ್ಲ ತಿದ್ದುತ್ತಿದ್ದೆವು. ಕೆಲಸ ನಿಧಾನವಾಗುತ್ತದೆ, ಮೇಲಿನವರು ಬೈಯುತ್ತಾರೆ. ಬೈಸಿಕೊಳ್ಳಿ.

ಮೇಲಿನವರ ವಿಷಯ ಬಂತು. ಒಮ್ಮೆ ಒಬ್ಬ ಅಧಿಕಾರಿ ಮಹಿಳಾ ದಿನಾಚರಣೆ ಎಂದು ಹಣ್ಣು, ಹೂವಿನ ಹಾರ, ಪತ್ರಿಕೆಯವರು ಎಲ್ಲರನ್ನೂ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಒಳ್ಳೆಯ ಮನಸ್ಸಿನವರೇ. ಹೆಂಗಸರ ಮುಖ ತೆಗೆಯಬೇಡಿ ಎಂದು ಅವರೇ ಫೋಟೋದವನಿಗೆ ಹೇಳಿದರು. ಮುಖ ಬರಲಿಲ್ಲ. ಗೇಟು ಬಂತು, ಹಿಂದೆ ಜಿನ್ನಿನ ಚಿಮಣಿ ಬಂತು. ಮರುದಿನ ಮಧ್ಯಾಹ್ನದೊಳಗೆ ಗೇಟಿನ ಮುಂದೆ ಇಬ್ಬರು ಗಂಡಂದಿರು, ಒಬ್ಬ ಮೈದುನ ಬಂದು ನಿಂತಿದ್ದರು. ಹೆಸರು ಹಿಡಿದು ಕೂಗುತ್ತಿದ್ದರು. ಒಳಗೆ ಮಕ್ಕಳು ಉಸಿರಾಡಲೂ ಹೆದರಿದ್ದವು. ಪೊಲೀಸರು ಬಂದು ಚದುರಿಸಿದರು. ಆದರೆ ಗುಟ್ಟಾಗಿದ್ದ ಜಾಗ ಗುಟ್ಟಾಗಿ ಉಳಿದಿರಲಿಲ್ಲ. ಊರಿನ ಇನ್ನೊಂದು ಮೂಲೆಗೆ, ಇನ್ನೊಂದು ಬಾಡಿಗೆ ಮನೆಗೆ ಪಾತ್ರೆ, ಹಾಸಿಗೆ, ಮಕ್ಕಳ ಜೋಲಿ ಎಲ್ಲ ಹೊತ್ತು ಹೋದೆವು. ಆಮೇಲೆ ಕಚೇರಿ ಬೇರೆ, ಮನೆ ಬೇರೆ ಎಂಬ ನಿಯಮ ಬಂತು. ಯಾರು ಬಂದು ಕೇಳಿದರೂ ಕಚೇರಿಯಲ್ಲೇ ಮಾತು. ಇಂಥವಳು ನಮ್ಮಲ್ಲಿದ್ದಾಳೆ ಎಂದೂ ಹೇಳುವಂತಿಲ್ಲ, ಇಲ್ಲ ಎಂದೂ ಹೇಳುವಂತಿಲ್ಲ.

ಹೊರಗೆ ಕಂಡರೂ ಮಾತಾಡಿಸಬಾರದು ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. ಅದು ತಾನಾಗಿ ಅರ್ಥವಾಗುತ್ತದೆ. ಎಮ್ಮಿಗನೂರಿನ ಬಟ್ಟೆ ಅಂಗಡಿಯಲ್ಲಿ ಒಮ್ಮೆ ನಮ್ಮಲ್ಲಿ ಹೆರಿಗೆಯಾಗಿ, ಬಾಣಂತನವನ್ನೂ ಮುಗಿಸಿಕೊಂಡು ಹೋದ ಹುಡುಗಿ ಸಿಕ್ಕಳು. ಜೊತೆಗೆ ಹೊಸ ಗಂಡನ ಮನೆಯವರಿದ್ದರು. ಕೂಸು ದೊಡ್ಡದಾಗಿ ಅವಳ ಕೈ ಹಿಡಿದು ನಿಂತಿತ್ತು. ಅದರ ನೆತ್ತಿಗೆ ಮೊದಲ ಎಣ್ಣೆ ಒತ್ತಿದವಳು ನಾನು. ಅವಳು ನನ್ನನ್ನು ನೋಡಿದಳು. ಕಣ್ಣು ಒಂದು ಕ್ಷಣ ನಿಂತು ಮುಂದಿನ ಸೀರೆಯತ್ತ ಸರಿಯಿತು. ನಾನೂ ಟವೆಲಿನ ಬೆಲೆ ಕೇಳಿ ಹೊರಗೆ ಬಂದೆ. ಅದು ಸರಿಯಾದದ್ದೇ. ನನ್ನನ್ನು ಅವಳು ಹೇಗೆ ಬಲ್ಲಳು ಎಂಬ ಪ್ರಶ್ನೆಗೆ ಅವಳ ಹತ್ತಿರ ಉತ್ತರ ಇರುವುದಿಲ್ಲ. ಆದರೂ ಬಸ್ಸಿನಲ್ಲಿ ಆದೋನಿ ಬರುವವರೆಗೂ ಆ ಕೂಸಿನ ಹೆಸರು ಏನಿಟ್ಟಿರಬಹುದು ಎಂದೇ ಯೋಚಿಸುತ್ತಿದ್ದೆ. ನಮ್ಮಲ್ಲಿದ್ದಾಗ ಹೆಸರಿಟ್ಟಿರಲಿಲ್ಲ.

ನಿವೃತ್ತಿಯ ನಂತರ ಶಾಲೆಯ ಮಾಸ್ತರರ ಮನೆಗೆ ಹಳೆಯ ವಿದ್ಯಾರ್ಥಿಗಳು ಬರುತ್ತಾರೆ. ನರ್ಸಮ್ಮನನ್ನು ಜನ ಮದುವೆಗೆ ಕರೆಯುತ್ತಾರೆ. ನಮ್ಮ ಕೆಲಸದಲ್ಲಿ ಅದು ಇಲ್ಲ. ಯಾರೂ ಬರದಿದ್ದರೆ ಅವರೆಲ್ಲ ನೆಟ್ಟಗಿದ್ದಾರೆ ಎಂದು ತಿಳಿಯಬೇಕು.

ನನಗೆ ಮದುವೆಯಾಗಲಿಲ್ಲ. ಜಾತಕ, ವರದಕ್ಷಿಣೆ, ನನ್ನ ಎತ್ತರ, ಏನೇನೋ ಕಾರಣ. ಅಪ್ಪ ಬೇಗ ಹೋದರು. ನನ್ನನ್ನು ಓದಿಸಿದವನು ಅಣ್ಣ. ಮಂತ್ರಾಲಯದಲ್ಲಿ ನಮ್ಮದು ಹಳೆಯ ಮನೆ. ಅಣ್ಣ ಯಾತ್ರಿಕರ ಲಾಡ್ಜೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಹೆಣ್ಣಿಗೆ ಕಾಲೇಜು ಯಾಕೆ ಎಂದು ಬಂಧುಗಳೆಲ್ಲ ಅಂದಾಗ ಅವನೊಬ್ಬನೇ ನನ್ನ ಟ್ರಂಕು ಹೊತ್ತು ಆದೋನಿಯ ಹಾಸ್ಟೆಲಿಗೆ ಬಿಟ್ಟು ಹೋದ. ನನ್ನ ಕೆಲಸ ಏನೆಂಬುದು ಅವನಿಗೆ, ಅತ್ತಿಗೆಗೆ ಗೊತ್ತಿತ್ತು. ಉಳಿದವರಿಗೆಲ್ಲ ನಾನು ಹಾಸ್ಟೆಲ್ ವಾರ್ಡನ್. ಹಬ್ಬಕ್ಕೆ ಹೋದರೆ ಅತ್ತಿಗೆ ನನಗಾಗಿ ಹೆಸರುಬೇಳೆ ಪಾಯಸ ಎತ್ತಿಟ್ಟಿರುತ್ತಿದ್ದರು. ವರ್ಷದಲ್ಲಿ ನನ್ನನ್ನು "ಪದ್ದಿ" ಎಂದು ಕರೆಯುವವರು ಆ ಮನೆಯಲ್ಲಿ ಮಾತ್ರ ಇದ್ದರು. ಅಣ್ಣ, ಅತ್ತಿಗೆ ಇಬ್ಬರೂ ಈಗಿಲ್ಲ. ಅದಕ್ಕೇ ಮುಂದಿನದನ್ನು ಬರೆಯಬಹುದು.

ಅಣ್ಣನ ಒಬ್ಬನೇ ಮಗ ಸೀನು. ಅವನ ಹೆಂಡತಿ ವೈದೇಹಿ ಸಿರುಗುಪ್ಪದ ಕಡೆಯವಳು, ಮಾತು ಕಡಿಮೆ. ಯಾರಾದರೂ ಕರೆದರೆ ತಲೆ ಒಂದು ಕಡೆ ವಾಲಿಸಿ ನೋಡುತ್ತಿದ್ದಳು. ಅವಳದು ಅದೊಂದು ಚಂದ ಎಂದು ಮನೆಯಲ್ಲಿ ಎಲ್ಲರೂ ನಗುತ್ತಿದ್ದರು.

ಒಂದು ಮಧ್ಯಾಹ್ನ ಅವಳು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಕಚ್ಚೆ ಹಾಕಿದ ಮಡಿ ಸೀರೆ, ಅರ್ಧ ಒಣಗಿತ್ತು. ಅವತ್ತು ನಮ್ಮ ಅಪ್ಪನ ತಿಥಿ. ನನಗೆ ರಜೆ ಸಿಕ್ಕಿರಲಿಲ್ಲ. ಅಡಿಗೆ ಮನೆಯಿಂದ ಎದ್ದು ನೇರ ಬಸ್ಸು ಹತ್ತಿ ಬಂದಿದ್ದಳು. ಅವಳ ವೇಷ ನೋಡಿ ಯಾತ್ರೆಗೆ ಬಂದ ಅಡಿಗೆಯವಳೆಂದು ತಿಳಿದು ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟಿದ್ದರಂತೆ.

"ಅತ್ಯಾ, ನಾ ಇಲ್ಲೆ ಕೂಡ್ಲೇನು?" ಎಂದಳು.

ಕೂರಿಸಿ ನೀರು ಕೊಟ್ಟೆ. ರತ್ನಮ್ಮ ಮೇಡಂ ಆಗಲೇ ನಿವೃತ್ತರಾಗಿದ್ದರು, ಆದರೂ ಅವರ ಪ್ರಶ್ನೆಯೇ ಬಾಯಿಗೆ ಬಂತು. "ಮನಿಯಾಗ ಏನು ಬಿಟ್ಟು ಬಂದಿ?"

"ಏನಿಲ್ಲ ಅತ್ಯಾ. ಎಲ್ಲಾ ಅಡಿಗಿ ಆಗಿತ್ತು. ಬ್ರಾಹ್ಮಣರು ಊಟಕ್ಕ ಕೂತಿದ್ರು. ಹಿತ್ತಲ ಬಾಗಲಾ ಅತ್ತಿಯವ್ರೇ ತಗದು, ಹೋಗು ಅಂದ್ರು. ಬಸ್ಸಿನ ರೊಕ್ಕಾನೂ ಅವರೇ ಕೊಟ್ರು."

ಅವಳ ಅತ್ತೆ ಎಂದರೆ ನನ್ನ ಅತ್ತಿಗೆ. ನಾನು ಅದನ್ನು ಎರಡನೇ ಸಲ ಕೇಳಿ ಖಚಿತ ಮಾಡಿಕೊಳ್ಳಲಿಲ್ಲ. ಅದು ಯಾರ ಕಿವಿಗೂ ಬೀಳಬಾರದ ಮಾತಾಗಿತ್ತು.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರು ಎಡಗಿವಿಯ ತಮಟೆ ಹರಿದಿದೆ ಎಂದರು. ಒಂದು ಏಟಿನದಲ್ಲ, ಹಳೆಯದರ ಮೇಲೆ ಹೊಸದು. ತಲೆ ವಾಲಿಸುತ್ತಿದ್ದುದು ಚಂದಕ್ಕಲ್ಲ, ಬಲಗಿವಿ ಮುಂದೆ ಮಾಡುವುದಕ್ಕೆ. ಸೀನುವನ್ನು ನಾನು ತೊಡೆಯ ಮೇಲೆ ಮಲಗಿಸಿಕೊಂಡು ಆಡಿಸಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವನ ಕೈಗಳು ಹೇಗಿದ್ದವು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಚಿಕ್ಕಂದಿನ ಕೈಗಳೇ ನೆನಪಾದವು.

ಸಂಬಂಧಿಕರ ಕೇಸನ್ನು ನಾವು ನೋಡುವಂತಿಲ್ಲ. ಜಿಲ್ಲಾ ರಕ್ಷಣಾಧಿಕಾರಿಗೆ ಆ ದಿನವೇ ತಿಳಿಸಿದೆ. ಬೇರೆ ಊರಿನ ಆಶ್ರಯ ಮನೆಯಲ್ಲಿ ಜಾಗ ಸಿಗುವವರೆಗೆ ಇಲ್ಲೇ ಇರಲಿ, ಕೇಸು ಮಾತ್ರ ಶಾಹಿನಾ ನೋಡಲಿ ಎಂದರು. ಶಾಹಿನಾ ನಮ್ಮ ಸಮಾಲೋಚಕಿ. ನಾನು ಕೆಲಸ ಕಲಿಸಿದ ಹುಡುಗಿ. ಅಲ್ಲಿರುವ ಹೆಂಗಸರಿಗೆಲ್ಲ ಅವಳು "ಆಪಾ", ಅಂದರೆ ಅಕ್ಕ. ಎರಡು ಮೂರು ದಿನ ಕಳೆದ ಮೇಲೆ ಅವಳು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಮೇಡಂ, ತಪ್ಪು ತಿಳೀಬ್ಯಾಡ್ರಿ. ಆ ಹುಡುಗಿ ಉಣ್ಣವಲ್ಲಳು. ನೀವು ಊಟದ ಕೋಣ್ಯಾಗ ಬಂದ್ರ ತಟ್ಟಿ ಸರಿಸ್ತಾಳ."

"ನನ್ನ ಮ್ಯಾಲ ಸಿಟ್ಟೇನು?"

"ಸಿಟ್ಟಲ್ರಿ." ಶಾಹಿನಾ ನೆಲ ನೋಡಿದಳು. "ನಿಮ್ಮ ಮಾರಿ ನೋಡಿದ್ರ ಆಕಿಗಿ ಅಂವ ನೆನಪಾಗ್ತಾನಂತ. ಹಣಿ, ಮೂಗು, ಎಲ್ಲಾ ಅದಾ ಅಂತಾಳ. ನೀವು ಒಳ್ಳೇರಂತ ಗೊತ್ತೈತಿ ಆಕಿಗಿ. ಆದ್ರ ಏನ್ಮಾಡ್ಬೇಕ್ರಿ, ಮೈ ನಡುಗ್ತೈತಂತ."

ನಮ್ಮ ಮನೆತನದ ಮೂಗು ಅದು. ಚಿಕ್ಕಂದಿನಲ್ಲಿ ಅಣ್ಣನೂ ನಾನೂ ಒಂದೇ ಅಚ್ಚು ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಆ ಮಾತಿಗೆ ಹಿಗ್ಗುತ್ತಿದ್ದೆ.

ಅಂದಿನಿಂದ ನಾನು ಊಟದ ಕೋಣೆಗೆ ಹೋಗುವುದನ್ನು ಬಿಟ್ಟೆ. ಕಚೇರಿಯಲ್ಲೇ ಡಬ್ಬಿ ಬಿಚ್ಚುತ್ತಿದ್ದೆ. ಮನೆಗೆ ಬರಲೇಬೇಕಾದಾಗ ಹಿಂದಿನ ಮೆಟ್ಟಿಲಿನಿಂದ ಬಂದು, ಅವಳು ಹೊಲಿಗೆ ಕಲಿಯುವ ಹೊತ್ತು ನೋಡಿ ಕೆಲಸ ಮುಗಿಸಿ ಹೋಗುತ್ತಿದ್ದೆ. ನಾನು ನಡೆಸುವ ಮನೆಯಲ್ಲಿ ನಾನೇ ಕದ್ದು ಓಡಾಡುತ್ತಿದ್ದೆ. ಒಂದು ಸಂಜೆ ಮಹಡಿಯಿಂದ ಅವಳ ನಗು ಕೇಳಿಸಿತು. ಯಾವುದೋ ಮಗುವಿನ ಜೊತೆ ಆಡುತ್ತಿದ್ದಳು. ಅವಳ ನಗುವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮೆಟ್ಟಿಲ ಮೇಲೇ ನಿಂತೆ. ಅದು ನಿಂತ ಮೇಲೆ ಇಳಿದು ಹೋದೆ.

ಆ ವಾರವೇ ಅಣ್ಣ ಬಂದ. ಕಚೇರಿಯ ಹೊರಗಿನ ಕುರ್ಚಿಯ ಮೇಲೆ ಕೊಡೆ ಊರಿಕೊಂಡು ಕೂತಿದ್ದ. ನಮ್ಮ ಕಚೇರಿಗೆ ಅವನು ಬಂದದ್ದು ಅದೇ ಮೊದಲು. ನೀರು ತಂದಿಟ್ಟೆ, ಮುಟ್ಟಲಿಲ್ಲ.

"ಪದ್ದಿ, ಆಕಿ ಇಲ್ಲೆ ಇದ್ದಾಳೇನು?"

"ಅಣ್ಣಾ, ಅದನ್ನ ನಾ ಹೇಳೂಹಂಗಿಲ್ಲ."

"ನಾನು ಗಂಡ ಅಲ್ಲ. ಪೊಲೀಸನೂ ಅಲ್ಲ. ನಿನ್ನ ಅಣ್ಣ."

"ಯಾರಿಗೂ ಹೇಳೂಹಂಗಿಲ್ಲ."

ಸಿಟ್ಟಿನಿಂದ ಬಂದವನಲ್ಲ ಅವನು, ಅದು ನನಗೆ ಹೆಚ್ಚು ಕಷ್ಟವಾಯಿತು. "ಊರಾಗ ಮಾರಿ ತೋರಸ್ಲಿಕ್ಕೆ ಆಗವಲ್ದು. ತಿಥಿ ದಿನ ಮನಿ ಸೊಸಿ ಹೋದ್ಲು ಅಂತಾರ. ಒಂದ್ಸಲ ಕರಕೊಂಡು ಬಾ. ಕೂತು ಮಾತಾಡೋಣ. ಸೀನೂಗ ನಾ ಬುದ್ಧಿ ಹೇಳ್ತೀನಿ."

"ಅಣ್ಣಾ, ಆಕಿ ಕಿವಿ ನೋಡೀಯೇನು?" ಎನ್ನಲು ಬಾಯಿ ತೆರೆದು ನಿಲ್ಲಿಸಿದೆ. ಕಿವಿಯ ಮಾತು ಎತ್ತಿದರೆ ಅವಳನ್ನು ನಾನು ಕಂಡಿದ್ದೇನೆ ಎಂದು ಹೇಳಿದಂತಾಗುತ್ತಿತ್ತು.

"ನಿನ್ನ ಓದಿಸಿದಾಂವ ನಾನು" ಎಂದ.

"ಹೌದು."

"ಹೌದಂತ ಹೇಳಿ ಸುಮ್ಮನ ಕೂಡ್ತೀಯಲ್ಲ." ಎದ್ದು ನಿಂತ. ಶಲ್ಯ ಸರಿ ಮಾಡಿಕೊಂಡ. ಬಾಗಿಲ ಹತ್ತಿರ ಹೋಗಿ ತಿರುಗದೆ ಹೇಳಿದ: "ಇನ್ನ ಹಬ್ಬಕ್ಕ ಬರೋದು ಬ್ಯಾಡ. ಬಂದ್ರ ಎಲ್ಲಾರಿಗೂ ತ್ರಾಸು."

ಕಿಟಕಿಯಿಂದ ನೋಡಿದೆ. ರಸ್ತೆ ದಾಟಲು ನಿಂತವನಿಗೆ ಕೊಡೆ ಬಿಚ್ಚುವುದು ನೆನಪಿರಲಿಲ್ಲ. ಬಿಸಿಲಲ್ಲೇ ನಿಂತಿದ್ದ. ನನಗೆ ಓಡಿಹೋಗಿ ಕೈ ಹಿಡಿಯಬೇಕೆನಿಸಿತು. ಹೋಗಲಿಲ್ಲ.

ವೈದೇಹಿಗೆ ಬೇರೆ ಜಿಲ್ಲೆಯಲ್ಲಿ ಜಾಗ ಸಿಕ್ಕಿತು. ಹೊರಡುವ ದಿನ ಶಾಹಿನಾ ಅವಳ ಜೊತೆ ಹೋದಳು. ನಾನು ಅವತ್ತು ಬೇಕೆಂದೇ ಕಚೇರಿಯಲ್ಲಿ ಉಳಿದೆ. ಕೋರ್ಟಿನ ವ್ಯವಹಾರ ಮುಗಿದು ವಿಚ್ಛೇದನವಾಯಿತೆಂದು ರಕ್ಷಣಾಧಿಕಾರಿ ಒಮ್ಮೆ ಮಾತಿನ ಮಧ್ಯೆ ಹೇಳಿದರು. ಯಾವ ಊರಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಬಹುಶಃ ಅವರು ಹೇಳುತ್ತಿದ್ದರು. ಆದರೆ ಅವಳು ದೂರ ಇಡಬೇಕಾದವರಲ್ಲಿ ನನ್ನ ಮುಖವೂ ಒಂದು.

ಮುಂದಿನ ವರ್ಷಗಳಲ್ಲಿ ಕೆಲಸದ ರೀತಿ ಬದಲಾಯಿತು. ಮೊದಲು ಗಂಡಂದಿರು ಊರೂರು ತಿರುಗಿ ಹುಡುಕುತ್ತಿದ್ದರು, ಈಗ ಮನೆಯಲ್ಲೇ ಕೂತು ಹೆಂಡತಿಯ ಫೋನು ಎಲ್ಲಿದೆ ಎಂದು ನೋಡುತ್ತಾರೆ. ಬಂದವಳಿಗೆ ನೀರು ಕೊಡುವ ಮೊದಲೇ ಫೋನು ಬಂದ್ ಮಾಡಿಸಬೇಕು. ಮೊದಲು ಬಸ್ಸಿನ ರೊಕ್ಕವಿಲ್ಲದೆ ಎಷ್ಟೋ ಜನ ಮನೆಯಲ್ಲೇ ಉಳಿಯುತ್ತಿದ್ದರು, ಈಗ ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಬಸ್ಸಿನಲ್ಲಿ ರೊಕ್ಕ ಕೇಳುವುದಿಲ್ಲ. ಆದ್ದರಿಂದ ಗಂಡ ಮೊದಲು ಬಚ್ಚಿಡುವುದು ಆಧಾರ್ ಕಾರ್ಡನ್ನೇ. ಹಳ್ಳಿಗಳಿಗೆ ಹೋದಾಗ ಇದನ್ನು ಹೆಂಗಸರಿಗೆ ಹೇಳಿ.

ಹಬ್ಬಗಳಂದು ನಾನು ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದೆ. ಮಕ್ಕಳಿರುವವರು ಮನೆಗೆ ಹೋಗಲಿ ಎಂದು ಹಾಗೆ ಮಾಡುತ್ತೇನೆಂದು ಸಿಬ್ಬಂದಿ ತಿಳಿದಿದ್ದರು. ಇರಲಿ ಎಂದು ಸುಮ್ಮನಿದ್ದೆ.

ನಿವೃತ್ತಿಯಾದ ಮರುವರ್ಷ ಅಣ್ಣನಿಗೆ ಪಾರ್ಶ್ವವಾಯು ಹೊಡೆದ ಸುದ್ದಿ ಬಂತು. ಹೋದೆ. ಎಷ್ಟೋ ವರ್ಷಗಳ ನಂತರ ಆ ಬೀದಿಗೆ ಕಾಲಿಟ್ಟಿದ್ದೆ. ಅಕ್ಕಪಕ್ಕದ ಹಳೆ ಮನೆಗಳೆಲ್ಲ ಲಾಡ್ಜುಗಳಾಗಿದ್ದವು, ನಮ್ಮದೊಂದು ಹಾಗೇ ಇತ್ತು. ಅತ್ತಿಗೆ ಬಾಗಿಲಿಗೆ ಬಂದರು. ಬಹಳ ಇಳಿದುಹೋಗಿದ್ದರು. ನನ್ನನ್ನು ನೋಡಿ ಕಣ್ಣು ತುಂಬಿಕೊಂಡರು. ಆದರೆ ಹೊಸ್ತಿಲಿಂದ ಸರಿಯಲಿಲ್ಲ.

"ಒಳಗ ಕರೀಬೇಕಂತ ಆಸಿ ಅದ ಪದ್ದಿ. ಅವರು ಬ್ಯಾಡ ಅಂದಾರ."

"ಇರ್ಲಿ ಬಿಡ್ರಿ ಅತ್ತಿಗಿ. ಇಲ್ಲೇ ಕಟ್ಟಿ ಮ್ಯಾಲ ಕೂಡ್ತೀನಿ."

ಅವರು ಒಳಗೆ ಹೋಗಿ ಕಾಫಿ ತಂದರು. ಬಾಗಿಲು ಅರ್ಧ ಮುಂದೆ ಮಾಡಿ ಪಕ್ಕದಲ್ಲಿ ಕೂತರು. ಒಳಗೆ ಒಬ್ಬಳು ಚಿಕ್ಕ ವಯಸ್ಸಿನ ಹೆಂಗಸು ಕೊಡ ಎತ್ತಿಕೊಂಡು ಹಾದು ಹೋದಳು. ಸೀನು ಮತ್ತೆ ಮದುವೆಯಾಗಿದ್ದಾನೆಂದು ಕೇಳಿದ್ದೆ. ಕೊಡವನ್ನು ಅವಳು ಬಲಗಡೆಯಿಂದ ಎಡಗಡೆಗೆ ಬದಲಿಸಿಕೊಂಡಳು. ಬಲ ಮೊಣಕೈ ಮಡಚಲು ಆಗುತ್ತಿರಲಿಲ್ಲ. ನಾನು ನೋಡಿದ್ದನ್ನು ಅತ್ತಿಗೆ ನೋಡಿದರು.

"ಈಕಿಗೂ ಸುರು ಆಗ್ಯದ" ಎಂದರು, ದನಿ ತಗ್ಗಿಸಿ. "ಹಿತ್ತಲ ಬಾಗಲಿಗೆ ಈಗ ಕೀಲಿ ಹಾಕ್ಯಾರ. ಆದ್ರ ಮುಂಜಾನೆ ನದೀಗಿ ಹೋಗ್ಲಿಕ್ಕೆ ಬಿಡ್ತಾರ. ನಾನೂ ಆಕೀನೂ ಕೂಡಿ ಹೋಗ್ತೀವಿ."

ಕಾಫಿ ಆರುತ್ತಿತ್ತು. ಒಳಗಿನಿಂದ ಅಣ್ಣನ ಕೆಮ್ಮು ಕೇಳಿಸಿತು.

"ಅಲ್ಲೆ ನಿನ್ನ ಜಾಗದಾಗ ಈಗ ಯಾರಿದ್ದಾರ?"

"ಶಾಹಿನಾ ಅಂತ. ಚೊಲೊ ಹುಡುಗಿ."

"ಒಬ್ಬಾಕಿ ಬರಬೇಕಂದ್ರ ಹೆಂಗ ಬರಬೇಕು? ನಂಗ ತಿಳಿಯೂಹಂಗ ಹೇಳು."

ಹೇಳಿದೆ. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಮನೆಗಲ್ಲ ಕಚೇರಿಗೆ ಹೋಗಬೇಕು, ಫೋನು ಬಂದ್ ಮಾಡಿರಬೇಕು, ಯಾರಾದರೂ ಕೇಳಿದರೆ ಆಸ್ಪತ್ರೆಗೆ ಎನ್ನಬೇಕು. ಅತ್ತಿಗೆ ಪ್ರತಿ ಮಾತನ್ನೂ ತುಟಿಯಲ್ಲೇ ಮತ್ತೆ ಹೇಳಿಕೊಂಡರು, ಮಂತ್ರ ಕಲಿಯುವವರ ಹಾಗೆ. ಒಂದು ಕಡೆ ತಪ್ಪಿದಾಗ ತಿದ್ದಿದೆ.

"ನೀವೂ ಬರ್ರಿ ಅತ್ತಿಗಿ" ಎಂದೆ.

"ಇವರಿಗೆ ಅನ್ನ ಕಲಸಿ ಬಾಯಿಗೆ ಹಾಕೋರು ಯಾರು?" ಎಂದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಅಣ್ಣನ ದನಿ ಬಂತು. ನಾಲಿಗೆ ತೊದಲಿದ್ದರೂ ದನಿ ಅವನದೇ. "ಯಾರ ಬಂದಾರ?"

ಅತ್ತಿಗೆ ಲೋಟ ಎತ್ತಿಕೊಂಡು ಎದ್ದರು. "ಯಾರೋ ಯಾತ್ರಿಕರು. ದಾರಿ ಕೇಳ್ಲಿಕ್ಕೆ ಬಂದಿದ್ರು" ಎಂದು ಒಳಗೆ ತಿರುಗಿ ಗಟ್ಟಿಯಾಗಿ ಹೇಳಿ, ಹೋಗುವ ಮೊದಲು ನನ್ನ ಕೆನ್ನೆಯ ಮೇಲೆ ಒಮ್ಮೆ ಕೈಯಿಟ್ಟರು.

ನಾನು ಬೀದಿಗೆ ಇಳಿದೆ. ಕೈಯಲ್ಲಿ ಪ್ರಸಾದದ ಪೊಟ್ಟಣ ಹಿಡಿದ ಜನರ ನಡುವೆ ನಡೆದು ಬಸ್ ಸ್ಟ್ಯಾಂಡಿಗೆ ಬಂದೆ. ಬಸ್ಸು ಹೊರಡುವ ಮೊದಲು ಶಾಹಿನಾಗೆ ಫೋನು ಮಾಡಿ, ಇಂಥ ಊರಿನಿಂದ ಒಬ್ಬಳು ಬರಬಹುದು, ಬಲಗೈ ನೋಡು ಎಂದಷ್ಟೇ ಹೇಳಿದೆ. "ಆತ್ರಿ ಮೇಡಂ" ಎಂದಳು.

ಆ ಬೇಸಿಗೆ ಮುಗಿಯುವ ಮುಂಚೆ ಅಣ್ಣ ತೀರಿಕೊಂಡ. ಮುಂದೆ ಅತ್ತಿಗೆಯೂ ಹೋದರು. ಮನೆ ಮಾರಾಟವಾಗಿ ಅಲ್ಲೂ ಒಂದು ಲಾಡ್ಜು ಎದ್ದಿದೆಯಂತೆ. ಶಾಹಿನಾ ಈಗಲೂ ಆಗಾಗ ನನ್ನನ್ನು ನೋಡಲು ಬರುತ್ತಾಳೆ. ಈದಿಗೆ ಶೀರ್ ಖುರ್ಮಾ ತರುತ್ತಾಳೆ. ಕಚೇರಿಯ ಹೊಸ ಬಾಸ್, ಹಳೆಯ ಫ್ಯಾನು, ತನ್ನ ಮಗಳ ಓದು, ಎಲ್ಲ ಹೇಳುತ್ತಾಳೆ. ಅತ್ತಿಗೆಯ ಜೊತೆ ನದಿಗೆ ಹೋಗುತ್ತಿದ್ದ ಆ ಹುಡುಗಿ ಕಚೇರಿಗೆ ಬಂದಳೋ ಇಲ್ಲವೋ, ಅದೊಂದನ್ನು ಅವಳು ಹೇಳಿಲ್ಲ. ನಾನು ಕೇಳಿಲ್ಲ.